ಕೊಳಗವನ್ನು ಪರೀಕ್ಷಿಸುವವರು ಯಾರು?

ಊರ ದೇವಸ್ಥಾನದ ಲೆಕ್ಕವನ್ನು ಮೊಕ್ತೇಸರರೇ ಬರೆದು, ಮೊಕ್ತೇಸರರೇ ಓದಿ, ಸರಿಯಿದೆಯೆಂದು ಮೊಕ್ತೇಸರರೇ ರುಜು ಹಾಕಿದರೆ ಊರವರು ಒಪ್ಪುವರೇ? ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಹೊರಗಿನವನೊಬ್ಬ ಕುಳಿತು ಲೆಕ್ಕ ನೋಡಬೇಕೆಂಬುದು ಲೋಕರೂಢಿ. ಹಲವು ರಾಷ್ಟ್ರಗಳ ಹಣದಿಂದ ನಡೆಯುವ ಕೃಷಿ ಸಂಶೋಧನ ಸಂಸ್ಥೆಗಳಿಗೂ ಈ ರೂಢಿ ತಪ್ಪಿದ್ದಲ್ಲ. ಆದರೆ ಅಲ್ಲಿ ರೂಪಾಯಿಯ ಲೆಕ್ಕ ಸರಿಬಂದರೆ ಕೆಲಸ ಮುಗಿಯದು. ರೈತನ ಅಂಗಳಕ್ಕೆ ಎಷ್ಟು ಬತ್ತ ಬಂದಿತು, ಅದು ಯಾವ ರೈತನ ಅಂಗಳ ಎಂಬುದನ್ನೂ ನೋಡಬೇಕು.

ಲಾಸ್ ಬಾನ್ಯೋಸಿನ ಬತ್ತ

ಫಿಲಿಪೈನ್ಸ್ ದೇಶದ ಲಾಸ್ ಬಾನ್ಯೋಸಿನಲ್ಲಿ 1960ರಲ್ಲಿ ಫೋರ್ಡ್ ಮತ್ತು ರಾಕ್‌ಫೆಲರ್ ಪ್ರತಿಷ್ಠಾನಗಳ ನೆರವಿನಿಂದ ಅಂತಾರಾಷ್ಟ್ರೀಯ ಬತ್ತ ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. ಇಂಡೊನೇಷ್ಯದ ‘ಪೆಟ’ ಎಂಬ ಎತ್ತರದ ತಳಿಗೆ ತೈವಾನಿನ ಗಿಡ್ಡ ತಳಿಯನ್ನು ಕೂಡಿಸಿ ಅದು 1966ರಲ್ಲಿ ಹೊರತಂದ ‘ಐ.ಆರ್. 8’ ಜಗತ್ತಿನ ಕಣ್ಣು ಸೆಳೆಯಿತು. ಗೊಬ್ಬರ ಹಾಕಿದಷ್ಟೂ ತೆನೆ ತುಂಬುವ, ತೆನೆಯ ಭಾರಕ್ಕೆ ಬಾಗಿ ಬೀಳದ ಗಟ್ಟಿ ಕಾಂಡದ ಪೈರು ಅದು. ಮುಂದೆ 1982ರಿಂದ 1988ರವರೆಗೆ ಈ ಸಂಸ್ಥೆಯ ಮಹಾನಿರ್ದೇಶಕರಾಗಿದ್ದವರು ನಮ್ಮ ದೇಶದ ಎಂ. ಎಸ್. ಸ್ವಾಮಿನಾಥನ್.

ಇಂತಹ ಸಂಸ್ಥೆಗಳಿಗೆ ಹಣ ಒದಗಿಸುವುದಕ್ಕಾಗಿ 1971ರಲ್ಲಿ ವಿಶ್ವಬ್ಯಾಂಕು, ಆಹಾರ ಮತ್ತು ಕೃಷಿ ಸಂಸ್ಥೆ ಮೊದಲಾದವುಗಳ ಆಶ್ರಯದಲ್ಲಿ ದಾನಿಗಳ ಸಲಹಾ ಬಳಗವೊಂದು ರೂಪುಗೊಂಡಿತು. ಅದಕ್ಕೆ ನೆರವಾದ ತಾಂತ್ರಿಕ ಸಲಹಾ ಸಮಿತಿಯ ಮೊದಲ ಅಧ್ಯಕ್ಷರು ಆಸ್ಟ್ರೇಲಿಯದ ಸರ್ ಜಾನ್ ಕ್ರಾಫರ್ಡ್. ಪ್ರತಿಯೊಂದು ಸಂಸ್ಥೆಯನ್ನೂ ಸುಮಾರು ಐದು ವರ್ಷಗಳಿಗೊಮ್ಮೆ ಹೊರಗಿನವರಿಂದ ಪರಿಶೀಲಿಸುವ ಪದ್ಧತಿ ಈ ಸಮಿತಿಯ ಕಾಲದಲ್ಲಿಯೇ ಬೆಳೆದುಬಂದಿತು.

ಪರಿಶೀಲನೆಯ ಕ್ರಮ ಹೀಗೆ: ಸಂಸ್ಥೆಯ ಸಂಬಳ ಉಣ್ಣದ ಕೆಲವರು ತಜ್ಞರನ್ನು ನಾನಾ ದೇಶಗಳಿಂದ ಆರಿಸುತ್ತಾರೆ. ಸಂಸ್ಥೆ ತನ್ನ ಕಾಗದಪತ್ರಗಳನ್ನು ಅವರ ಮುಂದಿಡುತ್ತದೆ. ಅವರು ಪ್ರಯೋಗಶಾಲೆಯನ್ನೂ ಗದ್ದೆಗಳನ್ನೂ ಸುತ್ತಿ, ಸಹಕರಿಸುವ ದೇಶಗಳ ವಿಜ್ಞಾನಿಗಳನ್ನು ಕಂಡು, ತಪ್ಪು ಒಪ್ಪುಗಳ ವರದಿ ಬರೆಯುತ್ತಾರೆ. ಒಂದೊಂದು ಸಲಹೆಗೂ ಸಂಸ್ಥೆಯ ಆಡಳಿತ ಉತ್ತರ ಕೊಡಬೇಕು. ಅದನ್ನೆಲ್ಲ ನೋಡಿ ದಾನಿಗಳು ಮುಂದಿನ ಹಣದ ಮಾತಾಡುತ್ತಾರೆ. ವರದಿಯ ಒಂದು ವಾಕ್ಯದಿಂದ ಒಂದು ವಿಭಾಗ ಬೆಳೆಯಬಹುದು, ಇನ್ನೊಂದು ಮುಚ್ಚಲೂಬಹುದು.

ಮೂಟೆಯ ಲೆಕ್ಕ ಸಾಲದು

ಹೊರಗಿನ ಕಣ್ಣಿಗೂ ಮಿತಿಯುಂಟು. ಬರುವವರೂ ವಿಜ್ಞಾನಿಗಳೇ, ಉಳಿಯುವುದು ಕೆಲವೇ ವಾರ. ಎಕರೆಗೆ ಎಷ್ಟು ಮೂಟೆ ಎಂಬ ಒಂದೇ ಅಳತೆ ಹಿಡಿದು ಬಂದವರಿಗೆ ಗದ್ದೆಯ ಉಳಿದ ಸಂಗತಿಗಳು ಕಾಣಿಸದೆ ಹೋಗುತ್ತವೆ.

1970ರ ದಶಕದಲ್ಲಿ ಹೊಸ ತಳಿಗಳು ಹರಡಿದ ಇಂಡೊನೇಷ್ಯದಲ್ಲಿ ಕಂದು ಜಿಗಿಹುಳು ಪೈರನ್ನು ಸುಟ್ಟಂತೆ ಒಣಗಿಸಿತು. ಔಷಧಿ ಸಿಂಪಡಿಸಿದರೆ ಹುಳುವನ್ನು ತಿನ್ನುವ ಜೇಡಗಳು ಮೊದಲು ಸತ್ತವು. ಹುಳು ಮತ್ತೆ ಹೆಚ್ಚಿತು. ಕೊನೆಗೆ 1986ರಲ್ಲಿ ಆ ಸರಕಾರ ಬತ್ತದ ಬೆಳೆಗೆ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಬೇಕಾಯಿತು. ಮೂಟೆಗಳನ್ನು ಮಾತ್ರ ಎಣಿಸುವವನ ಪುಸ್ತಕದಲ್ಲಿ ಸತ್ತ ಜೇಡಕ್ಕೆ ಕಾಲಂ ಇರುವುದಿಲ್ಲ.

ಉಪ್ಪುನೀರಿನ ಕರೆ

ಕಾರವಾರಕ್ಕೂ ಅಂಕೋಲೆಗೂ ನಡುವೆ ಇರುವ ಹಟ್ಟಿಕೇರಿಯಂತಹ ಊರುಗಳ ಕರಾವಳಿಯಿಂದ ನೋಡಿದರೆ ಈ ಪ್ರಶ್ನೆ ಇನ್ನೂ ಸ್ಪಷ್ಟವಾಗುತ್ತದೆ. ಉತ್ತರ ಕನ್ನಡದ ನದಿಗಳು ಸಮುದ್ರ ಸೇರುವೆಡೆ, ಮುಖ್ಯವಾಗಿ ಕುಮಟೆಯ ಅಘನಾಶಿನಿಯ ದಡದಲ್ಲಿ, ‘ಗಜನಿ’ ಎಂಬ ತಗ್ಗು ಭೂಮಿಯಿದೆ. ಬೇಸಗೆಯಲ್ಲಿ ಅಲ್ಲಿ ಭರತದ ಉಪ್ಪುನೀರು. ಮುಂಗಾರು ಸುರಿದು ಉಪ್ಪು ತೊಳೆದುಹೋದ ಮೇಲೆ ಅಲ್ಲಿ ಬಿತ್ತುವುದು ‘ಕಗ್ಗ’. ಅದು ಆಳೆತ್ತರದತ್ತ ಬೆಳೆಯುವ, ನೆರೆಗೂ ಉಪ್ಪಿಗೂ ಜಗ್ಗದ ಬತ್ತ. ಅದಕ್ಕೆ ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ಕೊಳೆಯುವ ಕೂಳೆಯ ಆಶ್ರಯದಲ್ಲಿ ಸಿಗಡಿ, ಮೀನು ಬೆಳೆಯುತ್ತವೆ. ಗಿಡ್ಡ ಕಾಂಡದ ಸುಧಾರಿತ ತಳಿ ಈ ನೀರಿನಲ್ಲಿ ಮುಳುಗಿ ಸಾಯುತ್ತದೆ. ಇಲ್ಲಿಯ ರೈತನಿಗೆ ‘ಐ.ಆರ್. 8’ರ ವೈಭವ ದೂರದೂರಿನ ಜಾತ್ರೆಯ ಸುದ್ದಿಯಂತೆ.

ಹಾಗೆಂದು ಸಂಸ್ಥೆ ಉಪ್ಪುನೆಲವನ್ನು ಮರೆತಿತೆನ್ನಲಾಗದು. ಇದೇ ಕರಾವಳಿಯ ದಕ್ಷಿಣಕ್ಕೆ, ಕೇರಳದ ಉಪ್ಪುಗದ್ದೆಗಳಲ್ಲಿ ಬೆಳೆಯುವ ‘ಪೊಕ್ಕಾಳಿ’ಯನ್ನು ತನ್ನ ತಳಿಯೊಂದಿಗೆ ಕೂಡಿಸಿ, ಉಪ್ಪು ತಾಳುವ ಗುಣವಿರುವ ವರ್ಣತಂತುವಿನ ಭಾಗವನ್ನು ಅದರ ವಿಜ್ಞಾನಿಗಳು ಗುರುತಿಸಿದರು. ಒಡಿಶಾದ ಹಳೆಯ ತಳಿಯೊಂದರಿಂದ ಮುಳುಗಡೆ ತಾಳುವ ಗುಣವನ್ನು ತೆಗೆದುಕೊಂಡು ‘ಸ್ವರ್ಣ ಸಬ್-1’ ಎಂಬ ಬತ್ತವನ್ನು ರೂಪಿಸಿದರು. ಭಾರತದಲ್ಲಿ ಅದು 2009ರಲ್ಲಿ ಬಿಡುಗಡೆಯಾಯಿತು.

ಆ ಬತ್ತದ ಪರೀಕ್ಷೆ ನಡೆದ ರೀತಿ ಗಮನಾರ್ಹ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಸಂಸ್ಥೆಯ ಸಹೋದ್ಯೋಗಿಯೊಬ್ಬರೊಡಗೂಡಿ ಒಡಿಶಾದ 128 ಹಳ್ಳಿಗಳಲ್ಲಿ ರೈತರ ಗದ್ದೆಗಳಲ್ಲಿಯೇ ಅಳತೆ ಮಾಡಿದರು. ಹತ್ತು ದಿನ ಮುಳುಗಿದ ಗದ್ದೆಯಲ್ಲಿ ಹಳೆಯ ‘ಸ್ವರ್ಣ’ಕ್ಕಿಂತ ಇದರ ಇಳುವರಿ ಶೇಕಡ 45ರಷ್ಟು ಹೆಚ್ಚು ಬಂದಿತೆಂದು 2013ರಲ್ಲಿ ಪ್ರಕಟಿಸಿದರು. ಅದಕ್ಕಿಂತ ಮುಖ್ಯವಾದುದು ಅವರು ಕೇಳಿದ ಮತ್ತೊಂದು ಪ್ರಶ್ನೆ: ನೆರೆ ಬರುವ ತಗ್ಗುಗದ್ದೆ ಯಾರದು? ಪರಿಶಿಷ್ಟ ಜಾತಿಯವರ ಪಾಲಿಗೆ ಅಂತಹ ಗದ್ದೆಗಳೇ ಹೆಚ್ಚಾಗಿ ಬಂದಿದ್ದವು. ಆದ್ದರಿಂದ ಹೊಸ ಬತ್ತದ ಲಾಭವೂ ಅವರಿಗೇ ಹೆಚ್ಚಾಗಿ ದೊರೆಯುವಂತಿತ್ತು. ಮೂಟೆಯ ಸರಾಸರಿಯಲ್ಲಿ ಅಡಗಿಹೋಗುವ ಸತ್ಯ, ಮನೆಮನೆ ಕೇಳಿದಾಗ ಹೊರಬಿದ್ದಿತು.

ಬರಬೇಕಾದ ಪ್ರಶ್ನೆ

ಲಾಸ್ ಬಾನ್ಯೋಸಿನ ಶೀತಕೋಣೆಗಳಲ್ಲಿ ಇಂದು 1,30,000ಕ್ಕೂ ಹೆಚ್ಚು ಬತ್ತದ ಮಾದರಿಗಳು ಕಾಪಾಡಲ್ಪಟ್ಟಿವೆ. ಇದು ಮಹದುಪಕಾರ, ಆದರೆ ಕೋಣೆಯಲ್ಲಿಟ್ಟ ಬೀಜ ನಿದ್ರಿಸುತ್ತದೆ, ಗದ್ದೆಯ ಬೀಜ ವರ್ಷವರ್ಷವೂ ಉಪ್ಪಿನೊಡನೆ ಸೆಣಸಿ ಕಲಿಯುತ್ತದೆ. ಒಡ್ಡು ಒಡೆದು ದುರಸ್ತಿಯಾಗದೆ, ಗಜನಿ ಸಿಗಡಿಯ ಕೆರೆಯಾಗುತ್ತ ಬಂದಂತೆ ಕಗ್ಗದ ಗದ್ದೆಗಳು ಕುಗ್ಗಿವೆ. ಸಮುದ್ರ ಮೇಲೇರುತ್ತಿರುವ ಈ ಕಾಲದಲ್ಲಿ ಜಗತ್ತಿಗೆ ಬೇಕಾದ ವಿದ್ಯೆಯೇ ಅಲ್ಲಿ ಕರಗುತ್ತಿದೆ.

ಆದುದರಿಂದ ಮುಂದಿನ ಪರೀಕ್ಷಕರು ಸಂಸ್ಥೆಯ ಮುಂದೆ ಎರಡು ಪ್ರಶ್ನೆಗಳನ್ನಿಟ್ಟರೆ ಸಾಕು: ರೈತನ ಗದ್ದೆಯಿಂದ ತೆಗೆದುಕೊಂಡುದೆಷ್ಟು? ಅದೇ ಗದ್ದೆಗೆ ಹಿಂತಿರುಗಿಸಿದುದೆಷ್ಟು? ಈ ಎರಡು ಸಾಲುಗಳಿಲ್ಲದ ವರದಿ ಎಷ್ಟು ದಪ್ಪವಿದ್ದರೂ ಲೆಕ್ಕ ಅರ್ಧವೇ.