ನಲವತ್ತೆರಡು ದಿನಗಳ ಕಾವಲು

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಆರೋಗ್ಯ ವ್ಯವಸ್ಥೆಯ ವಿವರಣೆ ತಾಲ್ಲೂಕು ಆಸ್ಪತ್ರೆಯಿಂದ ಆರಂಭವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರಗಳಿಗೆ ಇಳಿದು ನಿಲ್ಲುವುದು ವಾಡಿಕೆಯಾಗಿದ್ದರೂ, ಉಪಕೇಂದ್ರದ ಬಾಗಿಲಿಗೂ ಬಾಣಂತಿಯ ಕೋಣೆಗೂ ನಡುವಿನ ದಾರಿಯನ್ನು ನಿತ್ಯ ಸವೆಸುವವರು ಆಶಾ ಕಾರ್ಯಕರ್ತೆಯರು. ಸರ್ಕಾರಿ ಕಡತದಲ್ಲಿ ಇವರು ‘ಮಾನ್ಯತೆ ಪಡೆದ ಸಾಮಾಜಿಕ ಆರೋಗ್ಯ ಕಾರ್ಯಕರ್ತೆ’ಯರು, 2005ರ ಏಪ್ರಿಲ್ 12ರಂದು ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು 1,000 ಜನಸಂಖ್ಯೆಗೆ ಒಬ್ಬರಂತೆ, ಅದೇ ಊರಿನ ನಿವಾಸಿಯಾದ, 25ರಿಂದ 45 ವರ್ಷದೊಳಗಿನ ವಿವಾಹಿತೆ, ವಿಧವೆ ಅಥವಾ ವಿಚ್ಛೇದಿತೆಯನ್ನು ಈ ಕೆಲಸಕ್ಕೆ ಆರಿಸಬೇಕೆಂದು ಸೂಚಿಸಿತು. ತರಬೇತಿ ಪಡೆದ ಮಗಳು ಮದುವೆಯಾಗಿ ಬೇರೆ ಊರಿಗೆ ಹೋಗಿಬಿಡಬಹುದು, ಸೊಸೆಯಾಗಿ ಬಂದವಳು ಊರಲ್ಲೇ ಉಳಿಯುತ್ತಾಳೆ ಎಂಬ ಲೆಕ್ಕಾಚಾರ ಈ ನಿಯಮದ ಹಿಂದಿದೆ.

ಆಶಾ ಯೋಜನೆಯ ಪೂರ್ವೇತಿಹಾಸವನ್ನು ಚಿಕ್ಕದಾಗಿಯೇ ಹೇಳಬಹುದು. ಹಳ್ಳಿಯವರೇ ಹಳ್ಳಿಯ ಆರೋಗ್ಯ ನೋಡಿಕೊಳ್ಳುವ ಮಾದರಿಯನ್ನು ಮಹಾರಾಷ್ಟ್ರದ ಜಾಮಖೇಡದಲ್ಲಿ ಆರೋಳೆ ದಂಪತಿ 1970ರಿಂದ ರೂಪಿಸಿದ್ದರು. ಛತ್ತೀಸಗಡದ ‘ಮಿತಾನಿನ್’ ಯೋಜನೆ 2002ರಲ್ಲಿ ಬಂತು. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು ಆರಂಭವಾದ ಮೇಲೆ, ಹೆರಿಗೆ ನೋವು ಕಾಣಿಸಿಕೊಂಡ ಮನೆಯಿಂದ ಮೊದಲ ಕರೆ ಹೋಗುವುದು ಆಶಾ ಅಕ್ಕನಿಗೆ, ಆಕೆಯಿಂದ ವಾಹನಕ್ಕೆ ಎಂಬುದು ರೂಢಿಯಾಯಿತು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಈ ಜಿಲ್ಲೆಗೆ ವೈದ್ಯಕೀಯ ಕಾಲೇಜು ದೊರೆತದ್ದು 2022ರಲ್ಲಿ. ಅದುವರೆಗೆ ಕಠಿಣವಾದ ಪ್ರಕರಣ ಎಂದರೆ ಹುಬ್ಬಳ್ಳಿಯ ದಾರಿ ಹಿಡಿಯುವುದು ಎಂದೇ ಇತ್ತು.

ಆದರೆ ಈ ಸೇವೆಯ ನಿಜವಾದ ಕಸುಬು ಕಾಣುವುದು ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ. ಮನೆಯಾಧಾರಿತ ನವಜಾತ ಶಿಶು ಆರೈಕೆ ಎಂದು ಕರೆಯಲಾಗುವ ಈ ಪದ್ಧತಿಯ ಮೂಲ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ನಡೆಸಿದ ಪ್ರಯೋಗದಲ್ಲಿದ್ದು, 2011ರಲ್ಲಿ ಅದು ದೇಶವ್ಯಾಪಿ ಕಾರ್ಯಕ್ರಮವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೆಯ ದಿನ, ಮನೆಯಲ್ಲೇ ಆಗಿದ್ದರೆ ಮೊದಲ ದಿನವೂ ಸೇರಿ ಏಳು ಬಾರಿ ಆಶಾ ಕಾರ್ಯಕರ್ತೆ ಬಾಣಂತಿಯ ಬಳಿ ಹೋಗಬೇಕು. ಸೋಪಿನಿಂದ ಕೈ ತೊಳೆದು, ಸೀರೆಯ ಸೆರಗಿಗೆ ಒರೆಸದೆ ಗಾಳಿಗೆ ಆರಿಸಿಕೊಂಡು, ಥರ್ಮಾಮೀಟರನ್ನು ಕೂಸಿನ ಕಂಕುಳಲ್ಲಿ ಇಟ್ಟು ಮೈಶಾಖ ನೋಡುತ್ತಾಳೆ. ಖಾಲಿ ಜೋಳಿಗೆಯನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ಮುಳ್ಳನ್ನು ಸೊನ್ನೆಗೆ ತಂದು, ನಂತರವೇ ಕೂಸನ್ನು ಅದರಲ್ಲಿ ಮಲಗಿಸಿ, ಮುಳ್ಳು ಕಣ್ಣಿನ ಮಟ್ಟಕ್ಕೆ ಬರುವಂತೆ ಎತ್ತಿ ತೂಕ ಓದುತ್ತಾಳೆ. ಎಲ್ಲಕ್ಕಿಂತ ತಾಳ್ಮೆ ಬೇಡುವುದು ಉಸಿರಿನ ಎಣಿಕೆ. ನವಜಾತ ಶಿಶುವಿನ ಉಸಿರು ಒಮ್ಮೆ ಬಿರುಸಾಗಿ ಒಮ್ಮೆ ನಿಧಾನವಾಗಿ ಏರುಪೇರಾಗುವುದರಿಂದ ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವಂತಿಲ್ಲ. ಕೂಸು ಅಳದೆ, ಹಾಲು ಕುಡಿಯದೆ ಇರುವ ಹೊತ್ತು ನೋಡಿ, ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಗಮನಿಸಿ, ಎಣಿಕೆ 60 ಅಥವಾ ಅದಕ್ಕಿಂತ ಹೆಚ್ಚಾದರೆ ಮತ್ತೊಮ್ಮೆ ಎಣಿಸಿ, ಅಷ್ಟೇ ಬಂದರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು.

ಇದು ಸಾಗುವುದು ಎರೆಯುವ ನೀರು, ಕೆಂಡದ ಅಗ್ಗಿಷ್ಟಿಕೆ, ಬಜೆ, ಜೇನುತುಪ್ಪಗಳ ನಡುವೆ, ಹತ್ತಾರು ಬಾಣಂತನ ಮಾಡಿಸಿದ ಹಿರಿಯಳ ಕಣ್ಣೆದುರಿಗೆ. ತೂಕ 2.5 ಕಿಲೋಗಿಂತ ಕಡಿಮೆ ಇರುವ ಕೂಸು ಬೇಗ ತಣ್ಣಗಾಗುತ್ತದೆ ಎಂಬುದನ್ನು ‘ತೂಕ ಏರೂತನಕ ಎರಿಯೂದು ಬ್ಯಾಡ ಅಜ್ಜಿ’ ಎಂಬಂಥ ಮಾತಿನಲ್ಲಿ, ಊರಿನ ಸೊಸೆಯಾಗಿ, ಹಿರಿಯಳ ಮರ್ಯಾದೆಗೆ ಕುಂದು ಬಾರದಂತೆ ಒಪ್ಪಿಸುವುದೇ ಈ ಕೆಲಸದಲ್ಲಿನ ನಾಯಕತ್ವ. ತರಬೇತಿ ಪುಸ್ತಕಗಳು ಇದನ್ನು ‘ಸಂವಹನ ಕೌಶಲ’ ಎಂದು ಕರೆದು ಮುಂದೆ ಸಾಗುತ್ತವೆ. ಮೊದಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಸವಣೂರಿನ ಸೊಸೆ ಹಿರೇಕೆರೂರಿನ ತವರಲ್ಲಿ ಹೆತ್ತಾಗ, ಒಬ್ಬರು ಬರೆಯತೊಡಗಿದ ತಾಯಿ ಕಾರ್ಡನ್ನು ಇನ್ನೊಬ್ಬರು ಮುಂದುವರಿಸಬೇಕಾಗುತ್ತದೆ.

ಈ ಆರೂ ಭೇಟಿಗಳಿಗೆ ಕಾರ್ಯಕ್ರಮ ನಿಗದಿಪಡಿಸಿದ ಪ್ರೋತ್ಸಾಹಧನ ಒಟ್ಟು 250 ರೂಪಾಯಿ. 2022ರ ಮೇ 22ರಂದು ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಹತ್ತು ಲಕ್ಷಕ್ಕೂ ಮಿಕ್ಕ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ನೀಡಿತು. ಅದಕ್ಕೂ ಮುಂಚೆ, ಕೊರೊನಾ ಸಮೀಕ್ಷೆಗೆ ಮನೆಮನೆ ಸುತ್ತುತ್ತಿದ್ದ 2020ರ ಜುಲೈನಲ್ಲೇ ಕರ್ನಾಟಕದ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನಕ್ಕಾಗಿ ಮುಷ್ಕರ ಹೂಡಿದ್ದರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತ ಮೇಲೆ, ಏಪ್ರಿಲ್‌ನಿಂದ ಕನಿಷ್ಠ 10,000 ರೂಪಾಯಿ ದೊರೆಯುವುದೆಂಬ ಭರವಸೆ ಸರ್ಕಾರದಿಂದ ಬಂತು. ಪ್ರಶಸ್ತಿಯ ಸುದ್ದಿಗೆ ಸಿಕ್ಕಷ್ಟು ಚಪ್ಪಾಳೆ ಧರಣಿಯ ಸುದ್ದಿಗೆ ಸಿಗಲಿಲ್ಲವೆಂಬುದನ್ನು ಇಲ್ಲಿ ಸೇರಿಸಲೇಬೇಕು.

ಆರಂಭದ ವರ್ಷಗಳಲ್ಲಿ ನಲವತ್ತರ ಆಸುಪಾಸಿನಲ್ಲಿ ಸೇರಿದವರು ಈಗ ಅರವತ್ತರ ಅಂಚಿನಲ್ಲಿದ್ದಾರೆ. ಬಿಡುವಾಗ ತಕ್ಕಡಿ, ಥರ್ಮಾಮೀಟರು, ಮನೆಗಳ ದಾಖಲೆ ಪುಸ್ತಕವನ್ನು ಹೊಸಬಳಿಗೆ ಒಪ್ಪಿಸಬಹುದು. ಯಾವ ಮನೆಯಲ್ಲಿ ಅತ್ತೆಯನ್ನು ಮೊದಲು ಮಾತಾಡಿಸಬೇಕು, ಯಾವ ಮನೆಯಲ್ಲಿ ಗಂಡ ಹೊಲಕ್ಕೆ ಹೋದ ಮೇಲೆಯೇ ಸೊಸೆ ಬಾಯಿ ಬಿಡುತ್ತಾಳೆ ಎಂಬುದಕ್ಕೆ ಆ ಪುಸ್ತಕದಲ್ಲಿ ಅಂಕಣವಿಲ್ಲ. ಹೊಸಬಳು ಅದನ್ನು ಮೊದಲಿನಿಂದ ಕಲಿಯಬೇಕು.