ಎನ್‌ಟಿಆರ್ ಹಿಂದೆ ಎಷ್ಟು ಜನ?

ನಮ್ಮದು ಗೌರಿಬಿದನೂರು ಕಡೆ. ಹಿಂದೂಪುರ ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯೂ ಆಗಲ್ಲ. ತಾತ ಹರೆಯದಲ್ಲಿ ಎನ್.ಟಿ. ರಾಮರಾವ್ ಸಿನಿಮಾ ನೋಡಲು ಅಲ್ಲಿಗೇ ಹೋಗುತ್ತಿದ್ದರು. ಮುಂದೆ 1985, 1989, 1994ರಲ್ಲಿ ಎನ್‌ಟಿಆರ್ ಗೆದ್ದದ್ದೂ ಅದೇ ಹಿಂದೂಪುರದಿಂದ. ಹಾಗಾಗಿ ಆಂಧ್ರದ ರಾಜಕೀಯ ಎಂದರೆ ನಮ್ಮ ಮನೆಯಲ್ಲಿ ಪಕ್ಕದ ಮನೆಯ ಜಗಳವಿದ್ದಂತೆ. ತಾತನ ಕಥೆ ಪ್ರತಿ ಸಲವೂ ಮುಗಿಯುವುದು ಒಂದೇ ಮಾತಿನಲ್ಲಿ: "ಸ್ವಂತ ಅಳಿಯನೇ ಮೋಸ ಮಾಡಿಬಿಟ್ಟ."

ಈ ಸಲ ರಜೆಗೆ ಹೋದಾಗ ನಾನೇ ಆ ಕಥೆ ಕೇಳಿದೆ. ಕಾರಣವಿತ್ತು. ಕಾಲೇಜ್ ಫೆಸ್ಟ್‌ಗೆ ನಾನು ಕೋಆರ್ಡಿನೇಟರ್. ಇನ್ನು ಹತ್ತು ದಿನ ಇದೆ ಎನ್ನುವಾಗ ನನ್ನ ತಂಡದವರೆಲ್ಲ ಹೊಸ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿಕೊಂಡರು. ಅದರಲ್ಲಿ ನಾನಿರಲಿಲ್ಲ. ಗ್ರೂಪ್ ಶುರು ಮಾಡಿದವನು ನನ್ನ ರೂಮ್‌ಮೇಟ್. ನನ್ನ ಬಾಯಲ್ಲೂ ಆಗ ಬಂದದ್ದು 'ಮೋಸ' ಎಂಬ ಮಾತೇ.

ರಜೆಯಲ್ಲಿ ಎನ್‌ಟಿಆರ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1982ರ ಮಾರ್ಚ್ 29ರಂದು ತೆಲುಗುದೇಶಂ ಪಕ್ಷ ಕಟ್ಟಿದಾಗ ಅವರಿಗೆ 58 ವರ್ಷ. ಕಾಂಗ್ರೆಸ್ ಹೈಕಮಾಂಡ್ ಐದು ವರ್ಷದಲ್ಲಿ ಆಂಧ್ರಕ್ಕೆ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟಿದ್ದ ಕಾಲ ಅದು. ತೆಲುಗರ ಆತ್ಮಗೌರವದ ಮಾತೆತ್ತಿ, ಹಳೆಯ ಷೆವರ್ಲೆ ವ್ಯಾನ್ ಒಂದನ್ನು 'ಚೈತನ್ಯ ರಥ' ಮಾಡಿಕೊಂಡು ಹಳ್ಳಿಹಳ್ಳಿ ಸುತ್ತಿದರು. ಒಂಬತ್ತೇ ತಿಂಗಳು. 294 ಸ್ಥಾನಗಳಲ್ಲಿ 200ಕ್ಕೂ ಹೆಚ್ಚು ಗೆದ್ದು 1983ರ ಜನವರಿಯಲ್ಲಿ ಮುಖ್ಯಮಂತ್ರಿ. ಕೆ.ಜಿ.ಗೆ 2 ರೂಪಾಯಿಯಂತೆ ಅಕ್ಕಿ ಕೊಟ್ಟರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ಕಾನೂನು ಅವರ ಕಾಲದಲ್ಲೇ ಬಂತು. ಬರೀ ಗ್ಲಾಮರ್‌ನಿಂದ ಗೆದ್ದವರು ಎನ್ನುವವರು ಇದನ್ನೂ ನೋಡಬೇಕು.

1984ರ ಆಗಸ್ಟ್. ಅಮೆರಿಕದಲ್ಲಿ ಹೃದಯದ ಆಪರೇಷನ್ ಮಾಡಿಸಿಕೊಂಡು ಬಂದವರನ್ನು ರಾಜ್ಯಪಾಲ ರಾಮ್‌ಲಾಲ್ ವಜಾ ಮಾಡಿ, ಅವರದೇ ಸಂಪುಟದ ಎನ್. ಭಾಸ್ಕರರಾವ್ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಎನ್‌ಟಿಆರ್ ತಮ್ಮ ಶಾಸಕರನ್ನು ದೆಹಲಿಗೆ ಕರೆದೊಯ್ದು ರಾಷ್ಟ್ರಪತಿ ಮುಂದೆ ನಿಲ್ಲಿಸಿದರು. ಆಮೇಲೆ ಶಾಸಕರನ್ನು ಜೋಪಾನ ಮಾಡಿದ್ದು ನಮ್ಮ ಕರ್ನಾಟಕ, ಆಗ ಇಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ. (ರೆಸಾರ್ಟ್ ರಾಜಕೀಯದಲ್ಲಿ ನಮ್ಮ ಅನುಭವ ಹಳೆಯದು!) ತಿಂಗಳು ತುಂಬುವಷ್ಟರಲ್ಲಿ ಎನ್‌ಟಿಆರ್ ಮತ್ತೆ ಮುಖ್ಯಮಂತ್ರಿ. ಆಗ ಶಾಸಕರು ಚದುರದಂತೆ ಹಿಡಿದಿಟ್ಟವರಲ್ಲಿ ಮುಖ್ಯರು ಅಳಿಯ ಚಂದ್ರಬಾಬು ನಾಯ್ಡು.

ಓದುತ್ತಾ ಇಲ್ಲಿಗೆ ಬಂದಾಗ ನಾನು ನಿಂತುಬಿಟ್ಟೆ. ಯಾಕೆಂದರೆ 1995ರ ಆಗಸ್ಟ್‌ನಲ್ಲಿ ಹೈದರಾಬಾದಿನ ವೈಸ್‌ರಾಯ್ ಹೋಟೆಲಿನಲ್ಲಿ ಶಾಸಕರನ್ನು ಒಟ್ಟು ಹಾಕಿದವರೂ ಇದೇ ಅಳಿಯ. ಎಂಟು ತಿಂಗಳ ಹಿಂದಷ್ಟೇ ಪಕ್ಷ 216 ಸ್ಥಾನ ಗೆದ್ದಿತ್ತು. ಎನ್‌ಟಿಆರ್ ಅದೇ ಚೈತನ್ಯ ರಥ ಹತ್ತಿ ಹೋಟೆಲ್ ಮುಂದೆ ಹೋದರು. ತೂರಿ ಬಂದದ್ದು ಚಪ್ಪಲಿ. ಸೆಪ್ಟೆಂಬರ್ 1ಕ್ಕೆ ನಾಯ್ಡು ಮುಖ್ಯಮಂತ್ರಿ. 1996ರ ಜನವರಿ 18ರಂದು ಎನ್‌ಟಿಆರ್ ತೀರಿಕೊಂಡರು.

"ತಾತ, ಅವತ್ತು ಕಾಪಾಡಿದ ಅಳಿಯನೇ ಹನ್ನೊಂದು ವರ್ಷಕ್ಕೆ ಯಾಕೆ ತಿರುಗಿಬಿದ್ದ?"

"ಅಧಿಕಾರದ ಆಸೆ ಕಣೋ."

ಆಸೆ ಇದ್ದಿರಬಹುದು. ಆದರೆ ಅಷ್ಟೊಂದು ಶಾಸಕರು? 1989ರ ಚುನಾವಣೆಗೆ ಕೆಲವೇ ತಿಂಗಳಿರುವಾಗ ಎನ್‌ಟಿಆರ್ ಇಡೀ ಸಂಪುಟವನ್ನೇ ಒಂದೇ ಏಟಿಗೆ ಕಿತ್ತುಹಾಕಿದ್ದರು. 1993ರಲ್ಲಿ ಮದುವೆಯಾದ ಲಕ್ಷ್ಮೀ ಪಾರ್ವತಿಯವರು ಪಕ್ಷದಲ್ಲಿ ಕೈಯಾಡಿಸುತ್ತಾರೆ ಎಂದು ಹಳಬರು ಗೊಣಗಿದಾಗಲೂ ಕಿವಿಗೊಡಲಿಲ್ಲ. 1977ರ 'ದಾನ ವೀರ ಶೂರ ಕರ್ಣ'ದಲ್ಲಿ ಕೃಷ್ಣ, ಕರ್ಣ, ದುರ್ಯೋಧನ ಮೂರೂ ಅವರೇ, ನಿರ್ದೇಶನವೂ ಅವರದೇ. ಪಕ್ಷವನ್ನೂ ಹಾಗೇ ನಡೆಸಿದರು ಎಂದೆ. ತಾತನಿಗೆ ಸಿಟ್ಟು ಬಂತು. ಆ ಸಿನಿಮಾ ಎಷ್ಟು ದಿನ ಓಡಿತ್ತು ಗೊತ್ತೇನೋ ಎಂದು ಎದ್ದು ಹೋದರು.

ರಾತ್ರಿ ಫೆಸ್ಟ್‌ನ ಹಳೇ ಗ್ರೂಪ್ ತೆರೆದು ಮೇಲಿನಿಂದ ಓದಿದೆ. ಮೆಸೇಜುಗಳಲ್ಲಿ ಮುಕ್ಕಾಲು ಭಾಗ ನನ್ನವೇ, ಅದೂ 'ಇವತ್ತೇ ಆಗಬೇಕು' ಎನ್ನುವ ಧಾಟಿಯವು. ನಡುವೆ ರೂಮ್‌ಮೇಟ್ ಮೂರು ಸಲ ಕೇಳಿದ್ದ: 'ಬಜೆಟ್ ಬಗ್ಗೆ ಒಮ್ಮೆ ಕೂತು ಮಾತಾಡೋಣ್ವಾ?' ಮೂರನ್ನೂ ನಾನು ನೋಡಿದ್ದೆ. ಉತ್ತರ ಇರಲಿಲ್ಲ.

ಅವರು ಮಾಡಿದ್ದು ಸರಿ ಎಂದು ನನಗೆ ಈಗಲೂ ಅನಿಸಿಲ್ಲ. ಮುಖಕ್ಕೇ ಹೇಳಬಹುದಿತ್ತು. ನಾಳೆ ಹಾಸ್ಟೆಲ್‌ಗೆ ವಾಪಸ್. ಅಜ್ಜಿ ಹುರಿದ ಕಡಲೆಕಾಯಿ ಎರಡು ಪೊಟ್ಟಣ ಕಟ್ಟಿದ್ದಾರೆ, ಒಂದು ರೂಮ್‌ಮೇಟ್‌ಗೆ. ಫೆಸ್ಟ್ ಮುಗಿದು ತಿಂಗಳಾದರೂ ಆ ಬಜೆಟ್ ವಿಷಯ ಏನಾಗಿತ್ತು ಎಂದು ಅವನನ್ನು ಕೇಳಬೇಕು.