ಸಾಕುನಾಯಿಯ ಇನ್ಸುಲಿನ್ ಸೂಜಿ: ಬಳಸಿದ ಮೇಲೆ ಎಲ್ಲಿಗೆ?

ಮಾಗಡಿ: ಮನುಷ್ಯರಂತೆಯೇ ನಾಯಿ, ಬೆಕ್ಕುಗಳಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಕಾಯಿಲೆಗೆ ತುತ್ತಾದ ನಾಯಿಗೆ ಸಾಮಾನ್ಯವಾಗಿ ಜೀವನಪರ್ಯಂತ, 12 ತಾಸುಗಳಿಗೊಮ್ಮೆಯಂತೆ ದಿನಕ್ಕೆ ಎರಡು ಬಾರಿ ಇನ್ಸುಲಿನ್ ಚುಚ್ಚುಮದ್ದು ಅಗತ್ಯ. ಪ್ರತಿ ಬಾರಿಯೂ ಹೊಸ ಸಿರಿಂಜ್ ಬಳಸಿದರೆ ತಿಂಗಳಿಗೆ 60, ವರ್ಷಕ್ಕೆ 730 ಸಿರಿಂಜ್‌ಗಳು ಒಂದೇ ಮನೆಯಿಂದ ಹೊರಬೀಳುತ್ತವೆ. ಚುಚ್ಚುವುದು ಹೇಗೆಂಬುದನ್ನು ಪಶುವೈದ್ಯರು ಮೊದಲ ದಿನವೇ ಕಲಿಸಿಕೊಡುತ್ತಾರೆ. ಚುಚ್ಚಿದ ಸೂಜಿಯನ್ನು ಏನು ಮಾಡಬೇಕೆಂಬ ಪ್ರಶ್ನೆ ಮಾತ್ರ ಅನೇಕ ಮನೆಗಳಲ್ಲಿ ಕಸದ ಬುಟ್ಟಿಯ ಮುಂದೆಯೇ ಮುಗಿದುಹೋಗುತ್ತದೆ.

ಆದರೆ ಸೂಜಿಯ ಪ್ರಯಾಣ ಅಲ್ಲಿಗೆ ಮುಗಿಯುವುದಿಲ್ಲ. ಬುಕ್ಕರಾಯನ 1368ರ ಶಾಸನದಿಂದ ಇತಿಹಾಸದ ಪುಟ ಸೇರಿರುವ ಮಾಗಡಿ ತಾಲ್ಲೂಕಿನ ಕಲ್ಯದಂಥ ಗ್ರಾಮವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮನೆಮನೆಯ ಒಣಕಸವನ್ನು ‘ಸ್ವಚ್ಛ ವಾಹಿನಿ’ ವಾಹನಗಳು ಸಂಗ್ರಹಿಸಿ ಘನ ತ್ಯಾಜ್ಯ ಘಟಕಕ್ಕೆ ಸಾಗಿಸುವ, ಅಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ಅದನ್ನು ವಿಂಗಡಿಸುವ ವ್ಯವಸ್ಥೆ ರೂಪುಗೊಂಡಿದೆ. ನಗರಗಳಲ್ಲಿ ಇದೇ ಕೆಲಸ ಪೌರಕಾರ್ಮಿಕರದ್ದು ಮತ್ತು ಚಿಂದಿ ಆಯುವವರದ್ದು. ಎರಡೂ ಕಡೆ ವಿಂಗಡಣೆ ನಡೆಯುವುದು ಕೈಯಿಂದ. ಹಾಲಿನ ಕವರಿನೊಳಗೆ ಸುತ್ತಿಟ್ಟ ಸೂಜಿ ಕಣ್ಣಿಗೆ ಕಾಣುವುದಿಲ್ಲ. ಕೈಗೆ ತಾಗಿದ ಮೇಲಷ್ಟೇ ಗೊತ್ತಾಗುತ್ತದೆ. ಇನ್ಸುಲಿನ್ ಸಿರಿಂಜಿನ ಸೂಜಿಯ ದಪ್ಪ ಸುಮಾರು ಕಾಲು ಮಿಲಿಮೀಟರ್ ಮಾತ್ರ. ಬಟ್ಟೆಯ ಅಥವಾ ತೆಳು ರಬ್ಬರಿನ ಕೈಗವಸು ಅದನ್ನು ತಡೆಯಲಾರದು.

ಅಪಾಯ ಯಾರಿಗೆ?

ನಾಯಿಗೆ ಚುಚ್ಚಿದ ಸೂಜಿಯಿಂದ ಮನುಷ್ಯರಿಗೆ ಯಾವ ರೋಗ ಹರಡೀತು ಎಂಬ ಪ್ರಶ್ನೆ ಸಹಜ. ಎಚ್‌ಐವಿ ಹಾಗೂ ಹೆಪಟೈಟಿಸ್ ಬಿ ವೈರಾಣುಗಳು ನಾಯಿಯ ರಕ್ತದಲ್ಲಿ ಇರುವುದಿಲ್ಲ ಎಂಬುದು ನಿಜ. ಆದರೂ ಚರ್ಮದ ಮೇಲಿನ ರೋಗಾಣುಗಳು ಗಾಯದೊಳಗೆ ಸೇರಿ ಕೀವು ಕಟ್ಟಬಹುದು; ಮಣ್ಣು, ಕಸ ಮೆತ್ತಿದ ಸೂಜಿಯಿಂದ ಧನುರ್ವಾಯುವಿನ ಭಯವೂ ಇದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಕಸದ ರಾಶಿಯಲ್ಲಿ ಸಿಕ್ಕ ಸೂಜಿ ನಾಯಿಯದೋ ಮನುಷ್ಯರದೋ ಎಂದು ಚುಚ್ಚಿಸಿಕೊಂಡ ಮಹಿಳೆಗೆ ತಿಳಿಯುವ ದಾರಿಯಿಲ್ಲ. ಸಾಕುಪ್ರಾಣಿಗಳಿಗೂ ಮನುಷ್ಯರಿಗೂ ಬಳಕೆಯಾಗುವ ಇನ್ಸುಲಿನ್ ಸಿರಿಂಜ್‌ಗಳು ನೋಡಲು ಒಂದೇ ತೆರನಾಗಿರುತ್ತವೆ. ಹಾಗಾಗಿ ಆಕೆ ವೈದ್ಯರ ಬಳಿಗೆ ಧಾವಿಸಬೇಕು, ರಕ್ತಪರೀಕ್ಷೆ ಮಾಡಿಸಬೇಕು, ಫಲಿತಾಂಶಕ್ಕಾಗಿ ಕಾಯಬೇಕು, ತಿಂಗಳುಗಳ ಬಳಿಕ ಮತ್ತೆ ಪರೀಕ್ಷೆಗೆ ಹೋಗಬೇಕು. ಆ ದಿನಗಳ ಕೂಲಿಯೂ, ನೆಮ್ಮದಿಯೂ ಆಕೆಯದೇ ನಷ್ಟ. ಸೂಜಿಯ ಮಾಲೀಕರಿಗೆ ಇದಾವುದರ ಸುಳಿವೂ ಇರುವುದಿಲ್ಲ.

ನಿಯಮ ಏನು ಹೇಳುತ್ತದೆ?

2016ರ ಏಪ್ರಿಲ್‌ನಲ್ಲಿ ಪ್ರಕಟವಾದ ಘನ ತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯಲ್ಲಿ ಬಳಸಿದ ಸೂಜಿ ಮತ್ತು ಸಿರಿಂಜ್‌ಗಳನ್ನು ‘ಗೃಹ ಅಪಾಯಕಾರಿ ತ್ಯಾಜ್ಯ’ ಎಂದು ಹೆಸರಿಸಿ, ಹಳೆಯ ಬ್ಯಾಟರಿ, ಅವಧಿ ಮೀರಿದ ಔಷಧ, ಒಡೆದ ಪಾದರಸದ ಥರ್ಮಾಮೀಟರುಗಳ ಸಾಲಿನಲ್ಲಿ ಇರಿಸಿದವು. 2026ರ ಜನವರಿಯಲ್ಲಿ ಅಧಿಸೂಚನೆಗೊಂಡ ಹೊಸ ನಿಯಮಗಳು ಮನೆಯ ಕಸವನ್ನು ಹಸಿ, ಒಣ, ನೈರ್ಮಲ್ಯ ಹಾಗೂ ವಿಶೇಷ ಆರೈಕೆಯ ತ್ಯಾಜ್ಯ ಎಂದು ನಾಲ್ಕಾಗಿ ವಿಂಗಡಿಸಲು ಸೂಚಿಸುತ್ತವೆ. ಅಂದರೆ ಹಸಿಕಸವಾಗಲಿ, ಒಣಕಸವಾಗಲಿ ಸೂಜಿಯ ಜಾಗವಲ್ಲ.

2016ರ ಮಾರ್ಚ್‌ನ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಚಿಕಿತ್ಸೆಯ ವೇಳೆ ಮನೆಯಲ್ಲಿ ಉಂಟಾದ ಇಂಥ ತ್ಯಾಜ್ಯವನ್ನು ಪ್ರತ್ಯೇಕ ಚೀಲ ಅಥವಾ ಡಬ್ಬಿಯಲ್ಲಿ ಪೌರಸಂಸ್ಥೆಯ ಕಸ ಸಂಗ್ರಾಹಕರಿಗೆ ಒಪ್ಪಿಸಬೇಕು. ಅದನ್ನು ಅಂತಿಮವಾಗಿ ವಿಲೇವಾರಿ ಮಾಡಲು ನಗರ ಸ್ಥಳೀಯ ಸಂಸ್ಥೆಗಳು ಸಾಮಾನ್ಯ ಸಂಸ್ಕರಣಾ ಘಟಕಗಳೊಡನೆ ಒಪ್ಪಂದ ಮಾಡಿಕೊಳ್ಳಬೇಕು ಎನ್ನುತ್ತವೆ. ಈ ವಾಕ್ಯದಲ್ಲಿ ‘ನಗರ’ ಎಂಬ ಪದವಿರುವುದು ಗಮನಾರ್ಹ. ಗ್ರಾಮದ ಮನೆಯೊಂದರ ಸೂಜಿಗೆ ಅಷ್ಟೇ ಸ್ಪಷ್ಟವಾದ ದಾರಿಯನ್ನು ಆ ವಾಕ್ಯ ತೋರಿಸುವುದಿಲ್ಲ.

ಹತ್ತಿರದ ದಾರಿ: ಪಶು ಆಸ್ಪತ್ರೆ

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು ಮನುಷ್ಯರ ಆಸ್ಪತ್ರೆಗಳಷ್ಟೇ ಅಲ್ಲ, ಪಶುವೈದ್ಯಕೀಯ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಅಲ್ಲಿ ಬಳಕೆಯಾದ ಸೂಜಿಗಳು ಚುಚ್ಚಿದರೂ ತೂತಾಗದ, ಸೋರದ, ಬಿಳಿಯ ಪಾರಭಾಸಕ ಡಬ್ಬಿಯನ್ನು ಸೇರಬೇಕು. ನಂತರ ಅವುಗಳನ್ನು ಸಾಮಾನ್ಯ ಸಂಸ್ಕರಣಾ ಘಟಕಕ್ಕೆ ಕಳುಹಿಸಬೇಕು. ಘಟಕದಲ್ಲಿ ಹಬೆಯ ಒತ್ತಡದಿಂದ ಅಥವಾ ಒಣ ಶಾಖದಿಂದ ರೋಗಾಣುಗಳನ್ನು ನಾಶಪಡಿಸಿ, ಸೂಜಿಗಳನ್ನು ಚೂರು ಮಾಡಿ ಲೋಹದ ಕುಲುಮೆಗೆ ಕಳುಹಿಸುವ ಅಥವಾ ಕಾಂಕ್ರೀಟಿನ ಗುಂಡಿಯಲ್ಲಿ ಹೂಳುವ ಕ್ರಮವಿದೆ.

2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಕ್ಕೆ ರಾಜ್ಯ ಸಂಪುಟ ಒಪ್ಪಿಗೆ ನೀಡಿದ ರಾಮನಗರ ಜಿಲ್ಲೆಯ ವ್ಯಾಪ್ತಿಯಲ್ಲೇ, ಕನಕಪುರ ರಸ್ತೆಯ ಗಬ್ಬಾಡಿ ಕಾವಲ್‌ನಲ್ಲಿ ಇಂಥ ಘಟಕವೊಂದು ಸ್ಥಾಪನೆಯಾಗಿದೆ. ಇಂಥ ಘಟಕಕ್ಕೆ ಹೋಗುವ ಸರಪಳಿಯ ಮೊದಲ ಕೊಂಡಿ ಮಾಗಡಿಯ ಪಶು ಆಸ್ಪತ್ರೆಯಾಗಿರಬಹುದು, ನಾಯಿಗೆ ಚಿಕಿತ್ಸೆ ನೀಡುವ ಖಾಸಗಿ ಕ್ಲಿನಿಕ್ ಆಗಿರಬಹುದು. ಮನೆಯ ಸೂಜಿ ಆ ಸರಪಳಿಯೊಳಗೆ ಸೇರುವುದೇ ಕ್ಷೇಮ.

ಮನೆಯ ಸೂಜಿಗಳನ್ನು ತೆಗೆದುಕೊಳ್ಳುವುದು ಬಹುತೇಕ ವೈದ್ಯರ ಸೌಜನ್ಯಕ್ಕೆ ಬಿಟ್ಟ ಮಾತು. ಆದ್ದರಿಂದ ಇನ್ಸುಲಿನ್ ಬರೆದುಕೊಟ್ಟ ದಿನವೇ ‘ತುಂಬಿದ ಡಬ್ಬಿಯನ್ನು ಇಲ್ಲಿಗೆ ತಂದುಕೊಡಬಹುದೇ?’ ಎಂದು ಕೇಳಿಕೊಳ್ಳುವುದು ಉತ್ತಮ. ಬ್ರಿಟನ್ನಿನಲ್ಲಿ ಅನೇಕ ಪಶುವೈದ್ಯರು ಸೂಜಿಯ ಡಬ್ಬಿಗಳನ್ನು ಹೀಗೆಯೇ ಮರಳಿ ಪಡೆಯುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2008ರ ಸೆಪ್ಟೆಂಬರ್‌ನಿಂದ ಮನೆಯ ಕಸದಲ್ಲಿ ಸೂಜಿ ಹಾಕುವುದನ್ನೇ ನಿಷೇಧಿಸಿದೆ.

ಮನೆಯಲ್ಲಿ ಹೀಗೆ ಮಾಡಿ

1. ಗಟ್ಟಿ ಪ್ಲಾಸ್ಟಿಕ್ಕಿನ, ತಿರುಗಿಸುವ ಮುಚ್ಚಳವಿರುವ ಡಬ್ಬಿಯನ್ನು ಆರಿಸಿಕೊಳ್ಳಿ. ಬಟ್ಟೆ ತೊಳೆಯುವ ದ್ರವದ ಖಾಲಿ ಕ್ಯಾನ್ ಸೂಕ್ತ. ಕುಡಿಯುವ ನೀರಿನ ತೆಳು ಬಾಟಲಿ, ಗಾಜಿನ ಸೀಸೆ, ಹಾಲಿನ ಕವರು, ರಟ್ಟಿನ ಪೆಟ್ಟಿಗೆ ಸಲ್ಲದು.

2. ಚುಚ್ಚುಮದ್ದು ನೀಡುವ ಜಾಗದ ಪಕ್ಕದಲ್ಲೇ ಡಬ್ಬಿ ಇರಲಿ. ಚುಚ್ಚಿದ ಕೂಡಲೇ ಸಿರಿಂಜನ್ನು ಸೂಜಿ ಕೆಳಮುಖವಾಗಿ ಅದರೊಳಗೆ ಹಾಕಿ. ಇನ್ಸುಲಿನ್ ಸಿರಿಂಜಿನಲ್ಲಿ ಸೂಜಿ ಸಾಮಾನ್ಯವಾಗಿ ಬೆಸೆದುಕೊಂಡೇ ಇರುವುದರಿಂದ ಅದನ್ನು ಬೇರ್ಪಡಿಸಲು ಹೋಗಬಾರದು. ಇಡೀ ಸಿರಿಂಜನ್ನೇ ಹಾಕಬೇಕು.

3. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ತೊಡಿಸಬೇಡಿ. ಮನೆಯವರ ಬೆರಳಿಗೆ ಸೂಜಿ ಚುಚ್ಚುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಅನಿವಾರ್ಯವಾದರೆ ಮುಚ್ಚಳವನ್ನು ಮೇಜಿನ ಮೇಲಿರಿಸಿ, ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಬೇಕು. ಸೂಜಿಯನ್ನು ಕೈಯಿಂದ ಬಗ್ಗಿಸುವುದೂ ಮುರಿಯುವುದೂ ಬೇಡ.

4. ಡಬ್ಬಿಯ ಮುಕ್ಕಾಲು ಭಾಗ ತುಂಬಿದೊಡನೆ ನಿಲ್ಲಿಸಿ. ಮುಚ್ಚಳವನ್ನು ಬಿಗಿದು, ಸುತ್ತ ಟೇಪ್ ಅಂಟಿಸಿ. ‘ಬಳಸಿದ ಸೂಜಿಗಳಿವೆ, ತೆರೆಯಬೇಡಿ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ.

5. ಡಬ್ಬಿಯನ್ನು ಮಕ್ಕಳ ಕೈಗೂ, ಎಲ್ಲವನ್ನೂ ಕಚ್ಚಿನೋಡುವ ನಾಯಿಯ ಬಾಯಿಗೂ ಎಟುಕದಂತೆ ಎತ್ತರದಲ್ಲಿಡಿ. ತುಂಬಿದ ಮೇಲೆ ಪಶು ಆಸ್ಪತ್ರೆಗೆ ಕೊಂಡೊಯ್ಯಿರಿ. ಅಲ್ಲಿ ಸಾಧ್ಯವಾಗದಿದ್ದಲ್ಲಿ ಪಂಚಾಯಿತಿಯ ಅಥವಾ ಪೌರಸಂಸ್ಥೆಯ ಕಸ ಸಂಗ್ರಾಹಕರ ಕೈಗೇ ನೀಡಿ, ಒಳಗೆ ಸೂಜಿಯಿದೆ ಎಂದು ಬಾಯಿಮಾತಿನಲ್ಲೂ ತಿಳಿಸಿ.

ಇವು ಬೇಡ

ಹಳ್ಳಿಗಳಲ್ಲಿ ಸುಲಭವಾಗಿ ತೋರುವ ಮಾರ್ಗ ತಿಪ್ಪೆಗುಂಡಿ. ಆದರೆ ಅಲ್ಲಿಗೆ ಎಸೆದ ಸೂಜಿ ಕೊಳೆಯುವುದಿಲ್ಲ. ಗೊಬ್ಬರದೊಡನೆ ರಾಗಿ ಹೊಲವನ್ನು ಸೇರಿ, ಬರಿಗಾಲಲ್ಲಿ ನಡೆಯುವವರನ್ನೂ ದನಕರುಗಳನ್ನೂ ಕಾಯುತ್ತಿರುತ್ತದೆ. ಸುಟ್ಟರೆ ಪ್ಲಾಸ್ಟಿಕ್ ಕರಗಿ ವಿಷದ ಹೊಗೆ ಏಳುತ್ತದೆ. ಉಕ್ಕಿನ ಸೂಜಿ ಬೂದಿಯಲ್ಲಿ ಹಾಗೆಯೇ ಉಳಿಯುತ್ತದೆ. ಶೌಚಾಲಯಕ್ಕೆ ಹಾಕಿದರೆ ಗುಂಡಿ ಬರಿದು ಮಾಡುವವರಿಗೆ ಅಪಾಯ. ದುಡ್ಡು ಉಳಿಸಲೆಂದು ಒಂದೇ ಸಿರಿಂಜನ್ನು ಮತ್ತೆ ಮತ್ತೆ ಬಳಸುವುದೂ ತರವಲ್ಲ. ಸೂಜಿಯ ಮೊನೆ ಮೊಂಡಾಗಿ ನಾಯಿಗೆ ನೋವಾಗುತ್ತದೆ, ಸೋಂಕಿನ ಸಾಧ್ಯತೆ ಹೆಚ್ಚುತ್ತದೆ.

ಚುಚ್ಚಿದರೆ

ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆಯಬೇಕು. ಹಿಂಡಬಾರದು, ಬೆರಳನ್ನು ಬಾಯಿಗಿಟ್ಟು ಚೀಪಬಾರದು. ಧನುರ್ವಾಯು ಲಸಿಕೆಯ ಅಗತ್ಯವನ್ನು ವೈದ್ಯರು ನಿರ್ಧರಿಸುತ್ತಾರೆ. ಯಾರಿಗೆ ಬಳಸಿದ ಸೂಜಿಯೆಂದು ತಿಳಿಯದಿದ್ದರೆ ಆಸ್ಪತ್ರೆಗೆ ಹೋಗಲು ತಡಮಾಡಬಾರದು. ಎಚ್‌ಐವಿ ತಡೆಯುವ ಔಷಧ ಬೇಕೆಂದಾದರೆ ಅದನ್ನು ಆದಷ್ಟು ಬೇಗ, 72 ತಾಸಿನೊಳಗೆ ಆರಂಭಿಸಬೇಕಾಗುತ್ತದೆ.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅವರು ಇನ್ಸುಲಿನ್ನಿನ ಪರಿಣಾಮವನ್ನು ಕಂಡುಕೊಂಡದ್ದು ನಾಯಿಗಳ ಮೇಲಿನ ಪ್ರಯೋಗಗಳಿಂದ. ಮರುವರ್ಷದ ಜನವರಿಯಲ್ಲಿ ಅದು ಮನುಷ್ಯರಿಗೆ ದೊರೆಯಿತು. ಅದೇ ಔಷಧ ಇಂದು ಮನೆಯ ನಾಯಿಯ ಆಯುಸ್ಸನ್ನೂ ಹೆಚ್ಚಿಸುತ್ತಿದೆ. ಆ ನಾಯಿಗಾಗಿ ದಿನಕ್ಕೆರಡು ಬಾರಿ ಗಡಿಯಾರ ನೋಡುವ ಮನೆಯವರು, ಮರುದಿನ ಕಸ ವಿಂಗಡಿಸಲು ಕೂರುವ ಮಹಿಳೆಗಾಗಿ ಒಂದು ಗಟ್ಟಿ ಡಬ್ಬಿಯನ್ನು ತೆಗೆದಿರಿಸುವುದು ದೊಡ್ಡ ಹೊರೆಯೇನಲ್ಲ.